ಅಬ್ಬಾ ಸಹಿ ಮಾಡಿದ ಪ್ರತಿಜ್ಞೆ

ಅಬ್ಬಾ,

ಸರ್ಕಾರದ ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ನನ್ನ ಹೆಸರಿದೆ. ಬೆಳಗಿನಿಂದ ನೂರು ಸಲ ನೋಡಿದೆ, ಇನ್ನೂ ಇದೆ. ನಿಮ್ಮ ಪಾಲಿನ ಶೀರಾ ಮುಚ್ಚಿಟ್ಟಿದ್ದೇನೆ.

ಆದರೆ ಕಾಲೇಜಿನ ಫಾರಂನಲ್ಲಿ ನೀವು ಟೆಂಪೊ ಸಾಮಾನಿನ ರಸೀದಿಗೆ ಮಾಡುವ ಹಾಗೆ, ಓದದೇ ಎಲ್ಲ ಕಡೆ ಸಹಿ ಮಾಡಿದ್ದೀರಿ. ‘ತಂಬಾಕು ಮುಟ್ಟುವುದಿಲ್ಲ, ಜಗಳ ಆಡುವುದಿಲ್ಲ’ ಎಂಬ ವಿದ್ಯಾರ್ಥಿಯ ಪ್ರತಿಜ್ಞೆಯ ಕೆಳಗೂ ನಿಮ್ಮದೇ ಸಹಿ. “ಎಂತ ಮಾರಾಯ್ತಿ, ನಿಮ್ಮಪ್ಪನೂ ಕಾಲೇಜಿಗೆ ಸೇರ್ತಾರಾ?” ಎಂದು ಗುಮಾಸ್ತರು ನಕ್ಕು ಹೊಸ ಫಾರಂ ಕೊಟ್ಟರು. ಇವತ್ತೇ ಕೊನೆಯ ದಿನ. ಫಾರಂ ಫ್ರಿಜ್ ಮೇಲಿದೆ. ಯಲ್ಲಾಪುರದಿಂದ ಬಂದ ಕೂಡಲೇ ಪೆನ್ಸಿಲ್ ಗುರುತಿನ ಕಡೆ ಮಾತ್ರ ಸಹಿ ಮಾಡಿ. ಮಧ್ಯಾಹ್ನ ಬಂದು ಒಯ್ಯುತ್ತೇನೆ.

ಹಳೆಯದನ್ನು ಕನ್ನಡಿಗೆ ಅಂಟಿಸಿದ್ದೇನೆ. ತಂಬಾಕಿನ ಡಬ್ಬಿ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ. ಅದಕ್ಕಾಗಿ ಜಗಳ ಆಡುವ ಹಾಗೂ ಇಲ್ಲ.

ಅರ್ಷಿಯಾ