ಬಚ್ಚಲುಮನೆಯ ಹಿತ್ತಾಳೆ ಚಿಲಕ

ಯಲಹಂಕ
೧೪ ಮಾರ್ಚ್ ೧೯೭೯

ಪ್ರೀತಿಯ ಜಹೀರಾ,

ಯಲಹಂಕದ ಸಮಸ್ತ ಮಹಾಜನರ ಪರವಾಗಿ ಈ ಮೂಲಕ ಸಾರುವುದೇನೆಂದರೆ, ನಮ್ಮ ಬಚ್ಚಲುಮನೆಗೆ ಒಳಗಡೆಯಿಂದ ಹಾಕುವ ಚಿಲಕ ಬಂದು ಇಂದಿಗೆ ತಿಂಗಳು ತುಂಬಿತು. ಹಿತ್ತಾಳೆಯದು! ನಿನ್ನ ಯಜಮಾನರು ಖುದ್ದೂಸ್ ಭಾಯಿ ಯಶವಂತಪುರದಿಂದ ಸೈಕಲ್ ತುಳಿದು ಬಂದು, ಕೈಯಾರೆ ಸ್ಕ್ರೂ ಬಿಗಿದು, "ಆನೆ ಗುದ್ದಿದ್ರೂ ಬಿಚ್ಚಲ್ಲ ಬೆಹೆನ್" ಎಂದು ಭರವಸೆ ಕೊಟ್ಟು ಹೋದದ್ದು. ಆನೆಯಂತೂ ಇದುವರೆಗೆ ಬಂದಿಲ್ಲ. ಬಂದದ್ದು ಬೇರೆ.

ಚಿಲಕ ಯಾಕೆ ಎಂದು ನಮ್ಮವರು ಕೇಳಿದಾಗ, ಮರ್ಯಾದಸ್ಥರ ಮನೆ ಎಂದಮೇಲೆ ಇರಬೇಕು ಎಂದು ಭಾಷಣ ಬಿಗಿದಿದ್ದೆ. ಸುಳ್ಳು ಕಣೇ. ಬಸುರಿಗೆ ಆರು ತಿಂಗಳು ತುಂಬಿದಾಗಿನಿಂದ ನನಗೆ ಏನೋ ಆಗುತ್ತಿದೆ. ಸೊಪ್ಪು ಬಿಡಿಸುತ್ತಾ ಕೂತಿರುತ್ತೇನೆ, ಕಾರಣವೇ ಇಲ್ಲದೆ ಎದೆ ರೈಲಿನ ಹಾಗೆ ಹೊಡೆದುಕೊಳ್ಳುತ್ತದೆ. ಬೆರಳು ಜೋಮು ಹಿಡಿಯುತ್ತದೆ. ಗೋಡೆ ದೂರ ಸರಿಯುತ್ತದೆ. ನನ್ನ ಕೈ ಬೇರೆ ಯಾರದೋ ಅನ್ನಿಸುತ್ತದೆ. ಇನ್ನೇನು ಸತ್ತೆ, ಮಗುವೂ ನನ್ನ ಜೊತೆ ಹೋಯಿತು ಅಂದುಕೊಳ್ಳುವಷ್ಟರಲ್ಲಿ, ಹೇಳದೆ ಕೇಳದೆ ಎದ್ದು ಹೋಗುವ ನೆಂಟರಂತೆ ಬಿಟ್ಟು ಹೋಗುತ್ತದೆ. ಅತ್ತೆ ಸೊಣ್ಣಮ್ಮನವರ ಕಣ್ಣಿಗೆ ಬಿದ್ದರೆ ಕೆರೆ ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆಸುತ್ತಾರೆ. ಅದಕ್ಕೇ ಸುಳಿವು ಸಿಕ್ಕ ಕೂಡಲೇ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡು, ನೀರಿನ ಹಂಡೆಯನ್ನು ತಬ್ಬಿ ಕೂರುತ್ತಿದ್ದೆ.

ಹೋದ ಶುಕ್ರವಾರ ಮಟಮಟ ಮಧ್ಯಾಹ್ನ ಜೋರಾಗಿಯೇ ಬಂತು. ಹಂಡೆಯೊಳಗೆ ಯಾರೋ ಉಸಿರಾಡುತ್ತಿದ್ದರು. ನನ್ನ ಉಸಿರೇ ಇರಬೇಕು. ಆದರೆ ನಾನು ಬಿಗಿಹಿಡಿದಾಗಲೂ ಅದು ನಿಲ್ಲಲಿಲ್ಲ. ಚಿಲಕಕ್ಕೆ ಕೈ ಚಾಚಿದೆ, ಬೆರಳು ಮಾತು ಕೇಳಲಿಲ್ಲ. ಮಾನ ಹೋದರೆ ಹೋಗಲಿ ಎಂದು ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ "ಅತ್ತೇ" ಎಂದು ಕೂಗಿದೆ. ಒಂದೇ ಸಾರಿ. ಅಷ್ಟೇ ಉಳಿದಿದ್ದದ್ದು. ಬಾಗಿಲಾಚೆ ಅಕ್ಕಿ ಕೇರುತ್ತಿದ್ದ ಮೊರದ ಸದ್ದು ನಿಂತಿತು. ಯಾರೂ ಓಗೊಡಲಿಲ್ಲ. ಸ್ವಲ್ಪ ಹೊತ್ತಿಗೆ ಮೊರ ಮತ್ತೆ ಶುರುವಾಯಿತು. ಬೆರಳು ಹಿಡಿತಕ್ಕೆ ಬಂದು ನಾನೇ ಚಿಲಕ ತೆಗೆಯುವಷ್ಟರಲ್ಲಿ ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋಗಿದ್ದರು.

ಸಂಜೆ ನಮ್ಮವರು ಊಟಕ್ಕೆ ಕೂತಾಗ ಅತ್ತೆಗೆ ಕುಸ್ತಿ ಗೆದ್ದ ಪೈಲ್ವಾನರ ಕಳೆ. "ಇವತ್ತು ಅದು ನಮ್ ಬಚ್ಚಲಿಗೇ ಬಂದಿತ್ತು ಕಣಪ್ಪ. ಇವಳ ದನೀಲೇ ಕರೀತು! ನಾನಾ ಮೋಸ ಓಗೋಳು? ಒಂದೇ ಸಾರಿ ಕರದ್ರೆ ಮನುಸ್ರಲ್ಲ. ತುಟಿ ಬಿಚ್ಚಲಿಲ್ಲ!"

ನಮ್ಮ ಕಡೆಯ ಪದ್ಧತಿ ನಿನಗೂ ಗೊತ್ತಲ್ಲ, ನಡುಹಗಲಲ್ಲಿ ಮೂರನೇ ಕೂಗಿಗೆ ಮಾತ್ರ ಓ ಅನ್ನಬೇಕು. ದೆವ್ವಕ್ಕೆ ಎರಡನೇ ಸಾರಿ ಕರೆಯಲು ಬರುವುದಿಲ್ಲವಂತೆ. ಹೆಬ್ಬಾಳದ ಶಾಲೆಯಲ್ಲಿ ನೀನು ಕರೆದಾಗೆಲ್ಲ ನಾನು ಮಿಸುಕದೆ ಕೂತು ಬೈಸಿಕೊಳ್ಳುತ್ತಿದ್ದದ್ದು ಇದಕ್ಕೇ. ನಮ್ಮವರು ಭೇಷ್ ಎಂದರು. ನಾನೂ ಹೌದೌದು ಎಂದೆ. ಇನ್ನೇನು ಹೇಳಲಿ, ಆ ದೆವ್ವ ಅವರಿಗೆ ಮುದ್ದೆ ಬಡಿಸುತ್ತಾ ನಿಂತಿತ್ತು.

ಮಾರನೇ ದಿನ ತಪಾಸಣೆಗೆ ಹೋದಾಗ ಲೇಡಿ ಡಾಕ್ಟರ ಮುಂದೆ ಬಾಯಿ ಬಿಟ್ಟೆ. "ನಿನ್ನ ಎದೆಯೂ ಗಟ್ಟಿ, ಮಗುವೂ ಗಟ್ಟಿ. ಇದು ಗಾಬರಿಯ ಕಾಯಿಲೆ, ಬಸುರಿಯರಿಗೂ ಬರುತ್ತದೆ. ಬಂದಾಗ ನಿಧಾನಕ್ಕೆ ಉಸಿರು ಬಿಡು, ಬಾಗಿಲು ಹಾಕಿಕೊಂಡು ಒಬ್ಬಳೇ ಕೂರಬೇಡ, ಮನೆಯಲ್ಲಿ ಹೇಳು" ಎಂದರು. ಉಸಿರು ಬಿಡುವುದನ್ನು ಅಲ್ಲೇ ಕಲಿತೆ. ಹೇಳುವುದಕ್ಕೆ ಸೋಮವಾರದವರೆಗೆ ಬೇಕಾಯಿತು. ಕೂಗಿದ್ದು ನಾನೇ ಅತ್ತೆ, ಎಂದೆ.

ಬಯ್ಯಲಿಲ್ಲ. ಬೇವೂ ತರಲಿಲ್ಲ. ಎದ್ದು ಹೋಗಿ ಬಚ್ಚಲ ಬಾಗಿಲನ್ನು ಒಮ್ಮೆ ಸವರಿ, ನನ್ನ ಕಡೆ ನೋಡದೆ, "ಇನ್ಮೇಲೆ ಒಂದೇ ಸಾರಿ ಕರಿ ಮಗ. ಬತ್ತೀನಿ" ಎಂದರು.

ನಿನ್ನ ಹೆದರುಪುಕ್ಕಲಿ,
ಮುನಿಕೃಷ್ಣಮ್ಮ

ತಾ.ಕ.: ಅತ್ತೆ ಮಾತಿಗೆ ತಪ್ಪುವವರಲ್ಲ. ನಿನ್ನೆ ಮಧ್ಯಾಹ್ನ ಹಿತ್ತಲಿನಿಂದ "ಓ... ಬಂದೆ ಕಣವ್ವ" ಎನ್ನುತ್ತಾ ಬಚ್ಚಲಿಗೆ ಓಡಿದರು. ನಾನು ಮಂಚದ ಮೇಲೆ ಸುಮ್ಮನೆ ಮಲಗಿದ್ದೆ. ಕರೆದಿರಲಿಲ್ಲ. ಬಾಗಿಲು ಒಳಗಿನಿಂದ ಹಾಕಿತ್ತು. ಹೊಸ ಚಿಲಕ, ತಾನಾಗಿ ಜಾರಿರಬೇಕು ಎಂದೆ. ಅತ್ತೆಯೂ ಹೌದೌದು ಎಂದರು. ಭಾನುವಾರ ಖುದ್ದೂಸ್ ಭಾಯಿಯನ್ನು ಕಳಿಸುತ್ತೀಯಾ? ಸ್ಕ್ರೂಡ್ರೈವರ್ ತರಲು ಮರೆಯದಿರಲಿ. ಬಾಗಿಲಿಗೆ ಬಂದಾಗ ಮೂರು ಸಾರಿ ಕರೆಯಲಿ.