ಹಸಿರಾದ ಚೀಟಿ

ಚಿಕ್ಕಮಗಳೂರು
18 ಜುಲೈ 2025

ಪ್ರೀತಿಯ ಹುಮಾ ಆಪಾ,

ಅಸ್ಸಲಾಮು ಅಲೈಕುಂ. ತಿಂಗಳಿಂದ ಸುದ್ದಿಯೇ ಇಲ್ಲದವಳು ಈಗ ಬಸ್ ಕಂಡಕ್ಟರ್ ಕೈಲಿ ಪತ್ರ ಕಳಿಸಿದ್ದಾಳೆ ಎಂದು ಬೈಯಬೇಡ. ಮಳೆಗೆ ನಿಮ್ಮ ಕಳಸದ ಫೋನೂ ಸತ್ತಿದೆ, ನಮ್ಮೂರು ಕೊಟ್ಟಿಗೆಹಾರದ್ದೂ ಸತ್ತಿದೆ. ನನಗೆ ತುಂಬಾ ಭಯವಾಗುತ್ತಿದೆ.

ನನ್ನ ಸಂಶೋಧನೆ ನಿನಗೆ ಗೊತ್ತಲ್ಲ, ವೆಬ್ ಬರುವ ಮೊದಲು ಹತ್ತಾರು ಜನ ಕೂಡಿ ಯೋಚಿಸಲೆಂದು ಕಂಪ್ಯೂಟರಿನಲ್ಲಿ ಮಾಡಿದ್ದ ಹೈಪರ್‌ಟೆಕ್ಸ್ಟ್. ಪ್ರಶ್ನೆಗೊಂದು ಚೀಟಿ, ಅದಕ್ಕೆ ಕೊಂಡಿ ಹಾಕಿದ ಸಲಹೆಯ ಚೀಟಿ, ಅದರ ಕೆಳಗೆ ಒಪ್ಪಿಗೆಗೆ ಹಸಿರು, ಆಕ್ಷೇಪಕ್ಕೆ ಕೆಂಪು. ಅಂಥದ್ದೊಂದನ್ನು ಮತ್ತೆ ಕಟ್ಟಿ, ನಮ್ಮೂರವರ ಮೊಬೈಲಿಗೆ ಹಾಕಿಕೊಟ್ಟು ಮೆರೆದೆ. ಗುಡ್ಡ ಕುಸಿದೀತೆಂದು, ಅದರಡಿಯ ಲೈನ್ ಮನೆಗಳಲ್ಲಿರುವ ಎಸ್ಟೇಟ್ ಕೆಲಸಗಾರರನ್ನು ಮಳೆಗಾಲಕ್ಕೆ ಎಲ್ಲಿಡುವುದು ಎಂಬುದು ಪ್ರಶ್ನೆ. ಎಸ್ಟೇಟ್ ಮಾಲೀಕರಾದ ಬಸವರಾಜಪ್ಪನವರು ತಮ್ಮ ಹಳೆಯ ಗೋದಾಮು ಎಂದು ಸಲಹೆಯ ಚೀಟಿ ಹಾಕಿದರು. ಒಪ್ಪಿಗೆಗಳು ಬಿದ್ದವು, ಚೀಟಿ ಹಸಿರಾಯಿತು, ಸಂಸಾರಗಳೆಲ್ಲ ಅಲ್ಲಿಗೆ ಹೋದವು. ಅಬ್ಬಾನೂ ಜೊತೆಗೆ ಹೋದರು.

ನಿನ್ನೆ ಪ್ರಬಂಧಕ್ಕೆಂದು ಆ ಒಪ್ಪಿಗೆಗಳನ್ನು ಒಂದೊಂದಾಗಿ ತೆರೆದೆ. ಲೈನಿನ ದೇವೀರಮ್ಮ ಬರೆಸಿದ್ದು: "ಸಾವ್ಕಾರ್ರು ಹೇಳಿದ್ಮೇಲೆ ಸರಿನೇ. ಆದ್ರೆ ಗೋಡೆ ಹಿಂದೆ ಜಲ ಎದ್ದಿದೆ." ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುರೇಂದ್ರ: "ಒಳ್ಳೇ ಜಾಗ ಸರ್. ಮೇಲಿನ ಗುಡ್ಡದ ಧರೆ ಮಾತ್ರ ಸ್ವಲ್ಪ ಬಿರುಕು ಬಿಟ್ಟಂಗಿದೆ." ದೊಡ್ಡವರ ಮಾತಿನ ಕೆಳಗೆ 'ಆಕ್ಷೇಪ' ಒತ್ತಲು ಒಬ್ಬರಿಗೂ ಮನಸ್ಸು ಬಂದಿಲ್ಲ ಆಪಾ! ಎಲ್ಲರೂ 'ಒಪ್ಪಿಗೆ' ಒತ್ತಿ ಒಳಗೆ ಭಯ ಬರೆದಿದ್ದಾರೆ. ಆ ಯಂತ್ರ ಮಾತು ಓದುವುದಿಲ್ಲ, ಕೊಂಡಿ ಮಾತ್ರ ಎಣಿಸುತ್ತದೆ. ನಾನೂ ಬಣ್ಣ ನೋಡಿ ಹಿಗ್ಗಿದೆ.

ಬೆಳಿಗ್ಗೆ ಮೂಡಿಗೆರೆವರೆಗೆ ಹೋದೆ. ಮುಂದೆ ಮರಗಳು ಬಿದ್ದು ರಸ್ತೆ ಬಂದ್. "ಇವತ್ತಿಗೆ ಆಗೋ ಕೆಲ್ಸ ಅಲ್ಲ ಮೇಡಂ, ವಾಪಸ್ ಹೋಗಿ" ಎಂದರು ಮರ ಕಡಿಯುತ್ತಿದ್ದವರು. ಕಳಸದಿಂದ ಊರಿಗೆ ಹೋಗುವ ದಾರಿ ಇನ್ನೂ ತೆರೆದಿದೆಯಂತೆ; ಈ ಬಸ್ ಸುತ್ತುದಾರಿಯಲ್ಲಿ ನಿಮ್ಮಲ್ಲಿಗೆ ಬರುತ್ತದೆ. ಇದನ್ನು ಓದಿದ ಕೂಡಲೇ ಮುಜಮ್ಮಿಲ್ ಭಾವ ಜೀಪ್ ತೆಗೆದುಕೊಂಡು ಹೋಗಲಿ, ಎಲ್ಲರನ್ನೂ ಶಾಲೆಗೆ ಸಾಗಿಸಲಿ. ಬಸವರಾಜಪ್ಪನವರಿಗೆ ಬೇಜಾರಾದರೆ ಆಗಲಿ, ನನ್ನ ಹೆಸರು ಹೇಳಲಿ.

ಅಲ್ಲಾಹ್ ಎಲ್ಲರನ್ನೂ ಕಾಪಾಡಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ತಂಗಿ,
ಜೋಯಾ

ತಾ.ಕ.: ಎಲ್ಲಕ್ಕಿಂತ ಮೊದಲು ಬಿದ್ದ ಒಪ್ಪಿಗೆ ಅಬ್ಬಾ ಅವರದು. ಒಳಗೆ ಹೀಗಿದೆ: "ನಂಗ್ಯಾಕೋ ಆ ಗೋದಾಮು ಅಂದ್ರೆ ಹೆದ್ರಿಕೆ. ಆದ್ರೆ ಮಗಳು ಕಷ್ಟಪಟ್ಟು ಮಾಡಿದ್ದು, ಶುರುವಿಗೇ ಕೆಂಪು ಯಾಕೆ? ನಾನೂ ಅವ್ರ ಜೊತೆ ಅಲ್ಲೇ ಮಲಗ್ತೀನಿ."