ಇನ್ನೂರು ಸಲ ಕಾಯಿಸಿದ ಫರ್ನೇಸು

ಮಾಲೂರು, ಮಂಗಳವಾರ

ಮುಳಬಾಗಿಲಲ್ಲಿರೋ ದೊಡ್ಡಪ್ಪನಿಗೆ ಮೃದುಲಾಳ ನಮಸ್ಕಾರ.

ಕಾಲೇಜಿಗೆ ಸೇರಿ ಮೂರು ದಿನ ಆಯ್ತು. ಮೊದಲ ದಿನವೇ ಎರಡೆರಡು ಸಲ ಕಾಫಿ ಕೊಟ್ಟಾಗಲೇ ನನಗೆ ಅನುಮಾನ ಬಂತು. ನಮ್ಮ ಲ್ಯಾಬಿನ ಫರ್ನೇಸನ್ನ, ಅದೇ ಲೋಹ ಕಾಯಿಸೋ ಕುಲುಮೆನ, ಈ ವರ್ಷ ಇನ್ನೂರು ಸಲ ಕಾಯಿಸಿದ್ದಾರಂತೆ, ರಿಜಿಸ್ಟರಿನಲ್ಲಿದೆ. ಬಾಗಿಲು ತೆಗೆದರೆ ಒಳಗಿನ ಇಟ್ಟಿಗೆ ಸುಣ್ಣದ ಹಾಗೆ ಬೆಳ್ಳಗಿದೆ, ಒಂದು ಬಿರುಕೂ ಇಲ್ಲ. ಐದು ವರ್ಷ ಫರ್ನೇಸ್ ಮುಂದೆ ಬೆವರಿ ಪಿಎಚ್‌ಡಿ ಮಾಡಿದವಳಿಗೆ ಅದನ್ನ ಒಂದು ಸಲವೂ ಕಾಯಿಸಿಲ್ಲ ಅಂತ ಗೊತ್ತಾಗಲ್ವಾ? ನಾಳೆ ಇನ್‌ಸ್ಪೆಕ್ಷನ್. ಜೂನ್‌ನಿಂದ ಇವತ್ತಿನವರೆಗೂ ನೀವೇ ಸೈನ್ ಹಾಕಿಬಿಡಿ ಮೇಡಂ ಅಂತ ಎಚ್‌ಒಡಿ ಅದೇ ರಿಜಿಸ್ಟರನ್ನ ನನ್ನ ಮುಂದಿಟ್ಟಿದ್ದಾರೆ.

ಶೀತ ಕಮ್ಮಿಯಾಗಿದೆ. ಕಾಲೇಜಿಂದ ಯಾರು ಬಂದು ಕೇಳಿದ್ರೂ ಬೀರುವಿನಲ್ಲಿರೋ ನನ್ನ ಒರಿಜಿನಲ್ ಸರ್ಟಿಫಿಕೇಟ್ ಕೊಡಬೇಡಿ.

ಪೆನ್ಸಿಲ್‌ನಲ್ಲಿ ಬರೆದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನನ್ನ ಪೆನ್ನಲ್ಲಿ ಇಂಕಿಲ್ಲ ಅಂತ ಹೇಳಿದ್ದೀನಿ. ಎಚ್‌ಒಡಿ ಎದುರಿಗೇ ಕೂತು ಬೇರೆ ಪೆನ್ನು ತರಿಸ್ತಾ ಇದ್ದಾರೆ.